ಕಿವಿ, ಮೀಟರ್ ಮತ್ತು ಒಂದು ಪರದೆ

ಹೈ-ಫೈ ಲೋಕದ ಹಳೇ ಜಗಳ ಇದು. ಅಮೆರಿಕದ ಪತ್ರಿಕೆಗಳು ಡಿಸ್ಟಾರ್ಷನ್ ಅಂಕಿಗಳನ್ನೇ ನಂಬ್ತಿದ್ದ ಕಾಲದಲ್ಲಿ, 1962ರಲ್ಲಿ, ಜೆ. ಗಾರ್ಡನ್ ಹೋಲ್ಟ್ 'ಸ್ಟೀರಿಯೋಫೈಲ್' ಶುರು ಮಾಡಿದರು. ಕೇಳಿ ತೀರ್ಮಾನಿಸಿ ಅಂತ ಅವರ ವಾದ. ನ್ಯಾಯವೇ. ಆದರೆ ಕೇಳೋದು ಹೇಗೆ?

ಕೆನಡಾದಲ್ಲಿ ಫ್ಲಾಯ್ಡ್ ಟೂಲ್ ಸ್ಪೀಕರ್‌ಗಳನ್ನು ಪರದೆ ಹಿಂದಿಟ್ಟು, ಸದ್ದಿನ ಮಟ್ಟ ಸಮ ಮಾಡಿ, ಕೇಳುಗರಿಂದ ಅಂಕ ಹಾಕಿಸಿದರು. ಅವನ್ನೇ ಅಳೆದೂ ನೋಡಿದರು. 1986ರಲ್ಲಿ ಫಲಿತಾಂಶ ಪ್ರಕಟವಾಯ್ತು: ಜನ ಮೆಚ್ಚಿದ್ದು ಹೆಚ್ಚಾಗಿ ಏರುಪೇರಿಲ್ಲದ ಗ್ರಾಫ್ ಇದ್ದ ಸ್ಪೀಕರ್‌ಗಳನ್ನೇ! 1994ರಲ್ಲಿ ಟೂಲ್, ಶಾನ್ ಆಲಿವ್ ಇಬ್ಬರೂ ಸ್ಪೀಕರ್‌ಗಳನ್ನು ಕಣ್ಣಿಗೆ ಕಾಣುವಂತೆಯೂ ಇಟ್ಟು ಕೇಳಿಸಿದರು. ಅಂಕಗಳೇ ಬದಲಾದವು. ಅಂದ್ರೆ ಕಿವಿ, ಮೀಟರ್ ಎರಡೂ ಒಪ್ಪಿದ್ದನ್ನು ಕೆಡಿಸಿದ್ದು ಕಣ್ಣು.

ಕಿವಿಯ ಪರ ನಿಂತಿದ್ದ ಹೋಲ್ಟ್ ಅವರೇ 2007ರಲ್ಲಿ ನೊಂದು ಹೇಳಿದರು: ಕುರುಡು ಪರೀಕ್ಷೆ ಒಲ್ಲೆ ಅಂದಿದ್ದಕ್ಕೇ ನಮ್ಮವರು ಜನರ ನಂಬಿಕೆ ಕಳಕೊಂಡ್ರು ಅಂತ.