ತೀವ್ರ ತಲೆನೋವು ಮತ್ತು ನರಪರೀಕ್ಷೆಯ ಮೂರು ಚಿಹ್ನೆಗಳು

ತಲೆನೋವುಗಳಲ್ಲಿ ಹೆಚ್ಚಿನವು ಅಪಾಯಕಾರಿಯಲ್ಲ. ಆದರೆ ಕೆಲವು ಮಿದುಳುಪೊರೆಯ ಉರಿಯೂತ ಅಥವಾ ಮಿದುಳಿನ ರಕ್ತಸ್ರಾವದ ಲಕ್ಷಣವಾಗಿರುತ್ತವೆ. ಇವನ್ನು ಗುರುತಿಸಲು ವೈದ್ಯರಿಗೆ ನೆರವಾಗುವ ಮೂರು ಚಿಹ್ನೆಗಳನ್ನು ಆಂಧ್ರದ ಕನ್ನಡ ಕುಟುಂಬಗಳಿಗೆ ನಾವಿಲ್ಲಿ ಪರಿಚಯಿಸುತ್ತಿದ್ದೇವೆ.

ಬಾಬಿನ್ಸ್ಕಿ (1896): ಅಂಗಾಲಿನ ಹೊರ ಅಂಚನ್ನು ಹಿಮ್ಮಡಿಯಿಂದ ಗೀರಿದಾಗ ಹೆಬ್ಬೆರಳು ಕೆಳಗೆ ಬಾಗದೆ ಮೇಲೇಳುತ್ತದೆ. ಮಿದುಳಿನಿಂದ ಬೆನ್ನುಹುರಿಗಿಳಿಯುವ ನರಮಾರ್ಗಕ್ಕೆ ಧಕ್ಕೆಯಾಗಿರುವುದರ ಸೂಚನೆಯಿದು. ಹಸುಗೂಸುಗಳಲ್ಲಿ ಮಾತ್ರ ಇದು ಸಹಜ.

ಕೆರ್ನಿಗ್ (1882): ಮಲಗಿದ ರೋಗಿಯ ತೊಡೆಯನ್ನೆತ್ತಿ, ಮಡಿಸಿದ ಮೊಣಕಾಲನ್ನು ನೇರವಾಗಿಸಲು ಯತ್ನಿಸಿದಾಗ ನೋವು, ಬಿಗಿತ ಕಾಣುತ್ತದೆ.

ಬ್ರುಡ್ಜಿನ್ಸ್ಕಿ (1909): ಕುತ್ತಿಗೆಯನ್ನು ಎದೆಯತ್ತ ಬಾಗಿಸಿದಾಗ ಕಾಲುಗಳು ತಾವಾಗಿಯೇ ಮಡಿಚಿಕೊಳ್ಳುತ್ತವೆ. ಕೊನೆಯ ಎರಡೂ ಮಿದುಳುಪೊರೆ ಕೆರಳಿರುವುದನ್ನು ತೋರುತ್ತವೆ.

ಚಿಹ್ನೆಗಳು ಕಾಣದಿದ್ದ ಮಾತ್ರಕ್ಕೆ ರೋಗವಿಲ್ಲವೆನ್ನಲಾಗದು. ಆದ್ದರಿಂದ ಮನೆಯಲ್ಲಿ ಪರೀಕ್ಷಿಸುತ್ತ ಕೂರಬಾರದು. ಹಠಾತ್ತನೆ ಎರಗುವ ಅತಿತೀವ್ರ ತಲೆನೋವು, ತಲೆನೋವು-ಜ್ವರಗಳೊಡನೆ ಕುತ್ತಿಗೆ ಬಿಗಿತ, ಪ್ರಜ್ಞೆ ಮಸುಕಾಗುವುದು, ಕೈಕಾಲು ಸೋಲುವುದು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡತಕ್ಕದ್ದು. ವಿಶಾಖಪಟ್ಟಣದಲ್ಲಿ ಕಿಂಗ್ ಜಾರ್ಜ್ ಆಸ್ಪತ್ರೆ, ವಿಜಯವಾಡದಲ್ಲಿ ಸಿದ್ಧಾರ್ಥ ವೈದ್ಯಕೀಯ ಕಾಲೇಜಿಗೆ ಸೇರಿದ ಸರ್ಕಾರಿ ಆಸ್ಪತ್ರೆ ಇವೆ. ತೆಲುಗಿನಲ್ಲಿ ತಲೆನೋವಿಗೆ ‘ತಲನೊಪ್ಪಿ’, ಕುತ್ತಿಗೆಗೆ ‘ಮೆಡ’ ಎನ್ನುತ್ತಾರೆ. ನೋವು ಆರಂಭವಾದ ಸಮಯವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕೆಂದು ಓದುಗರಲ್ಲಿ ನಮ್ಮ ವಿನಂತಿ.