ಕರಕಿಯಿಂದ ಸಿಗಡಿಯ ಮೇವಿಗೆ

ವಿಜಯಪುರ ಜಿಲ್ಲೆಯ ತಾಂಬಾದ ಎರೆಹೊಲಕ್ಕೆ ಕರಕಿ ಹೊಕ್ಕರೆ ರೈತನಿಗೆ ನಿದ್ದೆಯಿಲ್ಲ, ಕಿತ್ತಷ್ಟೂ ಚಿಗುರುತ್ತದೆ. ಅದೇ ಹುಲ್ಲಿನ ಸಾರವನ್ನು ಸಿಗಡಿಯ ಮೇವಿಗೆ ಬೆರೆಸುವ ಪ್ರಯೋಗಗಳು ನಡೆದು ಎರಡು ದಶಕವಾಗುತ್ತ ಬಂತು. ಕಡಲು ಕಾಣದ ಇಂಡಿ ಸೀಮೆಗೆ ಸಿಗಡಿಯ ಸುದ್ದಿ ದೂರದ್ದು. ಅದಕ್ಕೆ ಬಳಸುವ ಗಿಡಗಳು ಮಾತ್ರ ಬಹುಪಾಲು ನಮ್ಮ ಬದುವಿನವು.

ಸಿಗಡಿ ಕೊಳಕ್ಕೆ ಸಸ್ಯ ಮೊದಲು ಇಳಿದದ್ದು ವಿಷವಾಗಿ. ಚಹಾ ಬೀಜದ ಹಿಂಡಿ, ಇಪ್ಪೆ ಹಿಂಡಿಗಳಲ್ಲಿರುವ ಸಾಪೋನಿನ್ ಮೀನಿನ ಕಿವಿರಿಗೆ ಮಾರಕ, ಸಿಗಡಿ ಅದನ್ನು ತಾಳಿಕೊಳ್ಳುತ್ತದೆ. ಮರಿ ಬಿಡುವ ಮುನ್ನ ಕೊಳದ ಕಳ್ಳ ಮೀನುಗಳನ್ನು ತೆಗೆಯಲು ಈ ಉಪಾಯ.

ಕುಮಟಾ ಕಡೆಯ ಗಜನಿಗಳಲ್ಲಂತೂ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಗಳಲ್ಲಿ, ಮೇವಿನ ಚಿಂತೆಯೇ ಇರಲಿಲ್ಲ. ಮಳೆಗಾಲದಲ್ಲಿ ಕಗ್ಗ ಭತ್ತ, ಕೊಯ್ಲಾದ ಮೇಲೆ ಅಘನಾಶಿನಿಯ ಉಬ್ಬರದೊಂದಿಗೆ ತಾವಾಗಿ ಬಂದ ಸಿಗಡಿ. 1990ರ ದಶಕದಲ್ಲಿ ಒತ್ತೊತ್ತಾಗಿ ಹುಲಿ ಸಿಗಡಿ ಸಾಕುವ ಪದ್ಧತಿ ಕರಾವಳಿಗೆ ಬಂತು. ಜೊತೆಗೆ ಚೀಲದ ಮೇವು, ಆ್ಯಂಟಿಬಯಾಟಿಕ್, ರೋಗ. ಔಷಧಿಗೆ ಬಗ್ಗದ ವಿಬ್ರಿಯೊ ಹಾರ್ವೆಯಿ ಬ್ಯಾಕ್ಟೀರಿಯಾ ಸಿಗಡಿ ಮರಿಗಳನ್ನು ರಾಶಿರಾಶಿಯಾಗಿ ಕೊಂದದ್ದನ್ನು ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಕರುಣಾಸಾಗರ್ ದಂಪತಿಯ ತಂಡ 1994ರಲ್ಲೇ ವರದಿ ಮಾಡಿತು. ಬಿಳಿಚುಕ್ಕೆ ವೈರಸ್ ಭಾರತಕ್ಕೆ ಕಾಲಿಟ್ಟದ್ದೂ ಅದೇ ಹೊತ್ತಿಗೆ; ವೈರಸ್ಸಿಗೆ ಆ್ಯಂಟಿಬಯಾಟಿಕ್ ಯಾವ ಲೆಕ್ಕ? ಮುಂದೆ ಔಷಧಿಯ ಶೇಷ ಕಂಡರೆ ಯುರೋಪ್ ಸರಕನ್ನೇ ತಿರಸ್ಕರಿಸತೊಡಗಿತು. ಗಿಡಮೂಲಿಕೆಯತ್ತ ಹೊರಳಿದ್ದು ಪರಂಪರೆಯ ಅಭಿಮಾನದಿಂದಲ್ಲ, ರಫ್ತಿನ ಭಯದಿಂದ ಎಂದೇ ನನ್ನ ಎಣಿಕೆ.

ವಿಜ್ಞಾನದ ಕಾರಣವೂ ಇತ್ತು. ಸಿಗಡಿಯ ಮೈಯಲ್ಲಿ ನಮ್ಮಂತೆ ಪ್ರತಿಕಾಯಗಳು ಹುಟ್ಟುವುದಿಲ್ಲ, ಹಾಗಾಗಿ ಲಸಿಕೆಯ ದಾರಿ ಸಲೀಸಲ್ಲ. ರಕ್ತಕಣಗಳು ರೋಗಾಣುವನ್ನು ನುಂಗುವುದು, ಸುತ್ತಲೂ ಕಪ್ಪು ಪದರ ಕಟ್ಟಿ ಅದನ್ನು ಬಂಧಿಸುವುದು, ಇವೇ ಅದರ ಮುಖ್ಯ ಸೇನೆ. ಆ ಸೇನೆಯನ್ನು ಎಚ್ಚರಿಸಲು ಮೊದಲು ಯೀಸ್ಟಿನ ಗ್ಲೂಕನ್ ಬಂತು, ಆಮೇಲೆ ಸಸ್ಯಸಾರ. ತಮಿಳುನಾಡಿನ ಸಿಟರಾಸು ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಮೈಲಿಗಲ್ಲು. ಕರಕಿ, ಬಿಲ್ವ, ಅಮೃತಬಳ್ಳಿ, ಗರಗ, ಕಟುಕರೋಹಿಣಿ ಐದರ ಸಾರವನ್ನೂ ಸಮನಾಗಿ ಬೆರೆಸಿ ಹುಲಿ ಸಿಗಡಿಗೆ ತಿನ್ನಿಸಿ, ಬಳಿಕ ಬಿಳಿಚುಕ್ಕೆ ವೈರಸ್ ಸೋಂಕಿಸಿದರು. ಸಾದಾ ಮೇವು ತಿಂದವು ವಾರದೊಳಗೆ ಎಲ್ಲವೂ ಸತ್ತವು. ಕಿಲೋ ಮೇವಿಗೆ 800 ಮಿಲಿಗ್ರಾಂ ಸಾರ ತಿಂದವುಗಳಲ್ಲಿ ಶೇ. 74 ಉಳಿದವು. ಮರುವರ್ಷ ತಮಿಳುನಾಡಿನದೇ ಮೇಲ್ವಿಶಾರಂನ ಕಾಲೇಜೊಂದು ಹಲವು ಔಷಧಿ ಗಿಡಗಳನ್ನು ಜರಡಿ ಹಿಡಿದಾಗ ಮತ್ತೆ ಮುಂದೆ ನಿಂತದ್ದು ಕರಕಿಯೇ.

ಆದರೆ ಇದೆಲ್ಲ ತೊಟ್ಟಿಯ ಲೆಕ್ಕ. ಕೊಳದಲ್ಲಿ ಸಿಗಡಿ ಮೇವಿನ ಕಾಳನ್ನು ಒಮ್ಮೆಗೆ ನುಂಗುವುದಿಲ್ಲ, ಕಾಲಲ್ಲಿ ಹಿಡಿದು ಮೆಲ್ಲಮೆಲ್ಲಗೆ ಕೊರೆಯುತ್ತದೆ. ಅಷ್ಟರಲ್ಲಿ ನೀರಲ್ಲಿ ಕರಗುವ ಸಾರ ನೀರುಪಾಲು. ಮೀನೆಣ್ಣೆ, ಅಂಟು ಸವರಿ ಅದನ್ನು ಹಿಡಿದಿಡಲು ನೋಡುತ್ತಾರೆ. ಇನ್ನು ಮಳೆಗಾಲದ ಎಲೆಯ ಗುಣ ಬೇಸಗೆಯ ಎಲೆಗಿಲ್ಲ. ಬಳಸಿದ್ದು ಎಲೆಯೋ ಬೇರೋ, ತೆಗೆದದ್ದು ನೀರಿನಲ್ಲೋ ಮೆಥನಾಲಿನಲ್ಲೋ ಎಂಬುದರ ಮೇಲೆ ಫಲಿತಾಂಶವೇ ಬದಲಾಗುತ್ತದೆ. ಡಬ್ಬಿಯ ಮೇಲೆ ‘ಹರ್ಬಲ್’ ಎಂದಷ್ಟೇ ಬರೆದ ಪುಡಿಯನ್ನು ನಾನಂತೂ ನಂಬಲಾರೆ.

2009ರಲ್ಲಿ ವಿದೇಶಿ ತಳಿಯಾದ ವನ್ನಾಮಿ ಸಿಗಡಿಯ ಸಾಕಣೆಗೆ ಅನುಮತಿ ಸಿಕ್ಕ ಮೇಲೆ ಶತ್ರುವೂ ಬದಲಾಯಿತು. ಈಗಿನ ದೊಡ್ಡ ತಲೆನೋವಾದ ಇಎಚ್‌ಪಿ ಪರಾವಲಂಬಿ ಸಿಗಡಿಯನ್ನು ಒಮ್ಮೆಲೇ ಕೊಲ್ಲುವುದಿಲ್ಲ, ಬೆಳೆಯಗೊಡುವುದಿಲ್ಲ. ಮೇವು ತಿಂದೂ ತೂಕ ಬರದು. ಹಾಗಾಗಿ ಬೆಳ್ಳುಳ್ಳಿ, ಅರಿಸಿನ, ಓರೆಗಾನೊ ಎಣ್ಣೆಗಳ ಸಂಶೋಧನೆಯ ಗಮನ ಈಗ ಕರುಳಿನ ಆರೋಗ್ಯದತ್ತ. ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯ ಎಣ್ಣೆಯನ್ನೂ ಮೀನಿನ ಮೇವಿನಲ್ಲಿ ಪರೀಕ್ಷಿಸಿದ್ದಾರೆ. ಭೌಗೋಳಿಕ ಮಾನ್ಯತೆ ಪಡೆದ ಇಂಡಿ ಲಿಂಬೆಯ ಸಿಪ್ಪೆಯನ್ನು ಯಾರಾದರೂ ಈ ದೃಷ್ಟಿಯಿಂದ ಅಳೆದು ನೋಡುವುದಾದರೆ, ವಿಜಯಪುರದ ಭೂತನಾಳದಲ್ಲೇ ಮೀನುಗಾರಿಕೆ ಸಂಶೋಧನಾ ಕೇಂದ್ರವಿದೆ.