ಹರಾಜಿನ ಹಳೆಯ ಮನೆ: ಕೂಗುವ ಮುನ್ನ ಕೂಡಿಸಬೇಕಾದ ಲೆಕ್ಕ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಹರಾಜಿನಲ್ಲಿ ಹಳೆಯ ಮನೆಯನ್ನು ಕೊಂಡು ದುರಸ್ತಿ ಮಾಡಿಸಲು ಹೊರಟವರಿಗೆ ಎರಡು ಪಟ್ಟು ಅನ್ವಯಿಸುತ್ತದೆ. ಪತ್ರಿಕೆಗಳ ಒಳಪುಟದಲ್ಲಿ ಬ್ಯಾಂಕುಗಳು ಪ್ರಕಟಿಸುವ ಹರಾಜು ಪ್ರಕಟಣೆಗಳಲ್ಲಿ ಮೀಸಲು ಬೆಲೆ ಪೇಟೆಯ ದರಕ್ಕಿಂತ ಕಡಿಮೆಯಿರುವುದನ್ನು ಕಂಡು, ನಿವೃತ್ತಿಯ ಹಣವನ್ನೋ ಊರಿನ ಜಮೀನು ಮಾರಿದ ಹಣವನ್ನೋ ಕೈಯಲ್ಲಿ ಹಿಡಿದು ಮುಂದಾಗುವವರು ಅನೇಕರಿದ್ದಾರೆ. ಆದರೆ ಮೀಸಲು ಬೆಲೆ ಎನ್ನುವುದು ಖರ್ಚಿನ ಮೊದಲ ಸಾಲು ಮಾತ್ರ. ಉಳಿದ ಸಾಲುಗಳನ್ನು ಮೊದಲೇ ಬರೆದುಕೊಳ್ಳದವರು ಮನೆಯನ್ನಷ್ಟೇ ಅಲ್ಲ, ಕಟ್ಟಿದ ಮುಂಗಡವನ್ನೂ ಕಳೆದುಕೊಳ್ಳುವ ಸಂಭವವಿದೆ.

ಹರಾಜಿನ ಹಿನ್ನೆಲೆ

ಬ್ಯಾಂಕುಗಳು ನಡೆಸುವ ಇಂತಹ ಹರಾಜುಗಳಲ್ಲಿ ಬಹುಪಾಲು 2002ರ ಸರ್ಫೇಸಿ ಕಾಯ್ದೆಯ ಅಡಿಯಲ್ಲಿ ನಡೆಯುತ್ತವೆ. ಸಾಲ ಮರುಪಾವತಿಯಾಗದಿದ್ದಾಗ ಬ್ಯಾಂಕು ಮೊದಲು 60 ದಿನಗಳ ನೋಟಿಸು ನೀಡುತ್ತದೆ. ಆನಂತರ ಆಸ್ತಿಯನ್ನು ಸ್ವಾಧೀನಕ್ಕೆ ಪಡೆದು ಮಾರಾಟದ ಪ್ರಕಟಣೆ ಹೊರಡಿಸುತ್ತದೆ. ಮೊದಲ ಹರಾಜಿಗೆ ಪ್ರಕಟಣೆಯಿಂದ 30 ದಿನಗಳ ಅವಧಿ ಇರಬೇಕು. ಅದು ವಿಫಲವಾಗಿ ಮತ್ತೆ ಹರಾಜು ಕರೆದರೆ 15 ದಿನ ಸಾಕು. ಸರ್ಕಾರಿ ಸ್ವಾಮ್ಯದ ಬ್ಯಾಂಕುಗಳ ಹರಾಜು ಆಸ್ತಿಗಳ ಪಟ್ಟಿಯನ್ನು 2025ರ ಜನವರಿಯಲ್ಲಿ ಆರಂಭವಾದ ‘ಬ್ಯಾಂಕ್‌ನೆಟ್’ ಜಾಲತಾಣದಲ್ಲಿ ನೋಡಬಹುದು.

ಪ್ರಕಟಣೆಯಲ್ಲಿ ‘ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ’ ಎಂಬ ಷರತ್ತು ಇದ್ದೇ ಇರುತ್ತದೆ. ಗೋಡೆಯ ಬಿರುಕಿನಿಂದ ಹಿಡಿದು ದಾಖಲೆಯ ಲೋಪದವರೆಗೆ ಎಲ್ಲವನ್ನೂ ಪರಿಶೀಲಿಸಿಕೊಳ್ಳುವ ಹೊಣೆ ಕೊಳ್ಳುವವನದು ಎಂದೇ ಇದರ ಅರ್ಥ.

ಹಣ ಕಟ್ಟುವ ಗಡುವು

ಹರಾಜಿನಲ್ಲಿ ಭಾಗವಹಿಸಲು ಸಾಮಾನ್ಯವಾಗಿ ಮೀಸಲು ಬೆಲೆಯ ಶೇ. 10ರಷ್ಟನ್ನು ಮುಂಗಡ ಠೇವಣಿಯಾಗಿ ಇಡಬೇಕಾಗುತ್ತದೆ. ಸವಾಲಿನಲ್ಲಿ ಗೆದ್ದರೆ, ಈ ಠೇವಣಿಯೂ ಸೇರಿದಂತೆ ಗೆದ್ದ ಬೆಲೆಯ ಶೇ. 25ನ್ನು ಅದೇ ದಿನ ಅಥವಾ ಮಾರನೆಯ ಕೆಲಸದ ದಿನದೊಳಗೆ ಕಟ್ಟಬೇಕು. ಉಳಿದ ಶೇ. 75ನ್ನು ಮಾರಾಟ ದೃಢೀಕರಣವಾದ 15 ದಿನಗಳೊಳಗೆ ತುಂಬಬೇಕು. ಲಿಖಿತ ಒಪ್ಪಿಗೆಯಿದ್ದರೆ ಈ ಅವಧಿಯನ್ನು ವಿಸ್ತರಿಸಬಹುದು. ಆದರೆ ಅದು ಮೂರು ತಿಂಗಳು ಮೀರುವಂತಿಲ್ಲ.

ಗಡುವು ತಪ್ಪಿದರೆ ಕಟ್ಟಿದ ಹಣ ಮುಟ್ಟುಗೋಲಾಗುತ್ತದೆ. ಬ್ಯಾಂಕಿಗೆ ನಷ್ಟವಾಗದಿದ್ದರೂ ಇಡೀ ಶೇ. 25ನ್ನು ಮುಟ್ಟುಗೋಲು ಹಾಕಿಕೊಳ್ಳಬಹುದೆಂದು ಸುಪ್ರೀಂ ಕೋರ್ಟ್ 2024ರ ಫೆಬ್ರುವರಿಯಲ್ಲಿ ತೀರ್ಪು ನೀಡಿದೆ. 44 ಲಕ್ಷ ರೂಪಾಯಿಗೆ ಕೂಗಿದವರು ಸಾಲ ಸಿಗದೆ ಹಿಂದೆ ಸರಿದರೆ 11 ಲಕ್ಷ ರೂಪಾಯಿ ಹೋದಂತೆಯೇ. ಆದ್ದರಿಂದ ‘ಗೆದ್ದ ಮೇಲೆ ಸಾಲ ಕೇಳೋಣ’ ಎಂಬ ಧೋರಣೆ ಸಲ್ಲದು. ಸವಾಲಿಗೆ ಮೊದಲೇ ಸಾಲ ಮಂಜೂರಾತಿಯ ಮಾತು ಮುಗಿದಿರಬೇಕು. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲಕ್ಕೆ ಮನೆಯ ಮೌಲ್ಯದ ಶೇ. 90, 30ರಿಂದ 75 ಲಕ್ಷದವರೆಗಿನ ಸಾಲಕ್ಕೆ ಶೇ. 80, ಅದಕ್ಕೂ ಮೇಲ್ಪಟ್ಟು ಶೇ. 75 ಗರಿಷ್ಠ ಮಿತಿ. ಇದು ಮಿತಿಯೇ ಹೊರತು ಹಕ್ಕಲ್ಲ. ಪಾಳುಬಿದ್ದ ಮನೆಗೆ ಬ್ಯಾಂಕಿನ ಮೌಲ್ಯಮಾಪಕರು ಕಡಿಮೆ ಬೆಲೆ ಕಟ್ಟುವುದೇ ಹೆಚ್ಚು.

ದಾಖಲೆ ಮತ್ತು ಬಾಕಿ

ಕಾವೇರಿ ಜಾಲತಾಣದಿಂದ ಕನಿಷ್ಠ 30 ವರ್ಷಗಳ ಋಣಭಾರ ಪತ್ರ ತೆಗೆಸಬೇಕು. ಅದೇ ಆಸ್ತಿಯ ಮೇಲೆ ಬೇರೆ ಬ್ಯಾಂಕಿನ ಅಡಮಾನವಿದೆಯೇ ಎಂಬುದನ್ನು ಕೇಂದ್ರದ ‘ಸೆರ್ಸಾಯ್’ ನೋಂದಣಿಯಲ್ಲಿ ಶುಲ್ಕ ಕಟ್ಟಿ ಹುಡುಕಬಹುದು. ಕರ್ನಾಟಕದಲ್ಲಿ 2024ರ ಅಕ್ಟೋಬರ್‌ನಿಂದ ಸ್ಥಿರಾಸ್ತಿ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿರುವುದರಿಂದ, ಮನೆಗೆ ಇ-ಖಾತೆ ಇದೆಯೇ, ಇಲ್ಲದಿದ್ದರೆ ಹಿಂದಿನ ಮಾಲೀಕರ ಸಹಕಾರವಿಲ್ಲದೆ ಅದನ್ನು ಮಾಡಿಸುವುದು ಹೇಗೆ ಎಂಬುದನ್ನು ಸ್ಥಳೀಯ ಸಂಸ್ಥೆಯಲ್ಲಿ ಮೊದಲೇ ವಿಚಾರಿಸತಕ್ಕದ್ದು.

ಆಸ್ತಿ ತೆರಿಗೆ, ನೀರಿನ ಬಿಲ್ಲು, ವಿದ್ಯುತ್ ಬಿಲ್ಲು, ಫ್ಲ್ಯಾಟಾಗಿದ್ದರೆ ನಿವಾಸಿಗಳ ಸಂಘದ ನಿರ್ವಹಣಾ ಶುಲ್ಕ ಇವುಗಳ ಬಾಕಿಯನ್ನು ಒಂದೊಂದಾಗಿ ಬರೆದುಕೊಳ್ಳಬೇಕು. ಹಿಂದಿನ ಮಾಲೀಕರ ವಿದ್ಯುತ್ ಬಾಕಿ ನಮಗೇಕೆ ಎಂದು ಕೇಳುವವರುಂಟು. ನಿಯಮಗಳಲ್ಲಿ ಅವಕಾಶವಿದ್ದರೆ, ಹಳೆಯ ಬಾಕಿ ತೀರುವವರೆಗೆ ಹರಾಜಿನಲ್ಲಿ ಕೊಂಡವರಿಗೆ ಸಂಪರ್ಕ ನಿರಾಕರಿಸಬಹುದೆಂದು ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಸ್ಪಷ್ಟಪಡಿಸಿದೆ.

ಸ್ವಾಧೀನದ ಪ್ರಶ್ನೆ

ಪ್ರಕಟಣೆಯಲ್ಲಿ ‘ಸಾಂಕೇತಿಕ ಸ್ವಾಧೀನ’ ಎಂದಿದೆಯೋ ‘ಭೌತಿಕ ಸ್ವಾಧೀನ’ ಎಂದಿದೆಯೋ ಎಂಬುದನ್ನು ತಪ್ಪದೆ ಓದಬೇಕು. ಸಾಂಕೇತಿಕ ಸ್ವಾಧೀನವೆಂದರೆ ಬಾಗಿಲಿಗೆ ನೋಟಿಸು ಅಂಟಿಸಲಾಗಿದೆ, ಒಳಗೆ ಇನ್ನೂ ಜನರಿದ್ದಾರೆ ಎಂದು ತಿಳಿಯಬೇಕು. ಅವರನ್ನು ತೆರವುಗೊಳಿಸಲು ಬ್ಯಾಂಕು ಜಿಲ್ಲಾ ದಂಡಾಧಿಕಾರಿ ಅಥವಾ ಮುಖ್ಯ ನ್ಯಾಯಿಕ ದಂಡಾಧಿಕಾರಿಗಳ ನೆರವು ಕೋರಬೇಕಾಗುತ್ತದೆ. ಬಾಡಿಗೆದಾರರಿದ್ದರೆ ಅವರ ಕರಾರು ಅಡಮಾನಕ್ಕಿಂತ ಹಿಂದಿನದೋ ಮುಂದಿನದೋ ಎಂಬ ಪ್ರಶ್ನೆಯೂ ಏಳುತ್ತದೆ. ಬ್ಯಾಂಕಿನ ಕ್ರಮವನ್ನು ಪ್ರಶ್ನಿಸಿ ಸಾಲಗಾರರು 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಇತ್ತ ಹಣ ಪೂರ್ತಿ ಕಟ್ಟಿ, ಅತ್ತ ಬೀಗದ ಕೈ ಸಿಗದೆ ಕಾಯುವ ತಿಂಗಳುಗಳ ಬಡ್ಡಿ ಮತ್ತು ಬಾಡಿಗೆಯೂ ಮನೆಯ ಬೆಲೆಯ ಭಾಗವೇ.

ನೋಂದಣಿ ವೆಚ್ಚ

ಕರ್ನಾಟಕದ ನಗರ ಪ್ರದೇಶಗಳಲ್ಲಿ ಕ್ರಯಪತ್ರಕ್ಕೆ ಶೇ. 5 ಮುದ್ರಾಂಕ ಶುಲ್ಕ, ಆ ಶುಲ್ಕದ ಮೇಲೆ ಶೇ. 10 ಉಪಕರ ಹಾಗೂ ಶೇ. 2 ಅಧಿಭಾರ, ಜೊತೆಗೆ ನೋಂದಣಿ ಶುಲ್ಕ ಸೇರುತ್ತವೆ. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿಸಲಾಗಿದೆ. ಒಟ್ಟು ಶೇ. 7.6. ಹರಾಜಿನ ಮಾರಾಟ ಪ್ರಮಾಣಪತ್ರಕ್ಕೂ ಇಷ್ಟೇ ಮೊತ್ತವನ್ನು ತೆಗೆದಿರಿಸಿ, ನಿಖರ ಲೆಕ್ಕವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕೇಳಿ ತಿಳಿಯುವುದು ಕ್ಷೇಮ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಾದರೆ ಶೇ. 1 ಟಿಡಿಎಸ್ ಕಟ್ಟುವ ಜವಾಬ್ದಾರಿಯೂ ಕೊಳ್ಳುವವರದೇ.

ಮನೆಯನ್ನು ನೋಡುವ ಬಗೆ

ಬ್ಯಾಂಕು ಪರಿಶೀಲನೆಗೆ ನೀಡುವ ದಿನ ಅನುಭವಿ ಸಿವಿಲ್ ಎಂಜಿನಿಯರರನ್ನು ಕರೆದೊಯ್ಯಬೇಕು. ಸಾಧ್ಯವಾದರೆ ಮಳೆ ಬಂದ ಮಾರನೆಯ ದಿನ ಹೋಗುವುದು ಉತ್ತಮ. ಸುಣ್ಣ ಬಳಿದು ಮುಚ್ಚಿದ ಸೋರಿಕೆಯನ್ನು ಮಳೆ ಮುಚ್ಚಿಡುವುದಿಲ್ಲ.

ಹೆಂಚಿನ ಮನೆಯಾದರೆ ಹೆಂಚಿಗಿಂತ ಅದರ ಕೆಳಗಿನ ತೊಲೆ, ಪಕಾಸು, ರೀಪುಗಳನ್ನು ನೋಡಬೇಕು. ಮರವನ್ನು ಚೂಪಾದ ಮೊಳೆಯಿಂದ ಚುಚ್ಚಿದಾಗ ಸಲೀಸಾಗಿ ಒಳಗೆ ಇಳಿದರೆ ಗೆದ್ದಲೋ ಕೊಳೆತವೋ ಇದೆಯೆಂದರ್ಥ. ತಾರಸಿ ಮನೆಯಾದರೆ ಛಾವಣಿಯ ಕಾಂಕ್ರೀಟು ಉದುರಿ ತುಕ್ಕು ಹಿಡಿದ ಕಬ್ಬಿಣ ಕಾಣುತ್ತಿದೆಯೇ ಎಂದು ಗಮನಿಸಬೇಕು. ಅಲ್ಲಿ ಬರೀ ಗಾರೆ ಮೆತ್ತಿದರೆ ಪ್ರಯೋಜನವಿಲ್ಲ. ಮಣ್ಣಿನ ಅಥವಾ ಸುಣ್ಣದ ಗಾರೆಯ ಗೋಡೆಗೆ ಸಿಮೆಂಟು ಗಿಲಾವು ಹೊಡೆಸಿದರೆ ತೇವ ಹೊರಹೋಗಲಾರದೆ ಒಳಗೇ ಉಳಿದು ಗೋಡೆ ಹಾಳಾಗುತ್ತದೆ. ಅಂತಹ ಗೋಡೆಗೆ ಸುಣ್ಣದ ಗಾರೆಯೇ ತಕ್ಕುದು.

ದುರಸ್ತಿಯ ಕ್ರಮವನ್ನೂ ಮರೆಯಬಾರದು: ಮೊದಲು ಛಾವಣಿ ಮತ್ತು ನೀರಿನ ತಡೆ, ಆಮೇಲೆ ಗೋಡೆ-ತೊಲೆಗಳ ಬಲ, ಅನಂತರ ವಿದ್ಯುತ್ ತಂತಿ ಮತ್ತು ಕೊಳವೆ, ಆ ಬಳಿಕ ನೆಲ, ಕಟ್ಟಕಡೆಗೆ ಬಣ್ಣ. ಕರಾವಳಿ, ಮಲೆನಾಡುಗಳಲ್ಲಿ ಛಾವಣಿಯ ಕೆಲಸ ಜೂನ್‌ಗೆ ಮೊದಲೇ ಮುಗಿಯಬೇಕು. ರಚನೆ ಬದಲಿಸುವುದಿದ್ದರೆ, ಮಹಡಿ ಏರಿಸುವುದಿದ್ದರೆ ಸ್ಥಳೀಯ ಸಂಸ್ಥೆಯ ಪರವಾನಗಿ ಬೇಕು.

ಒಂದು ಮಾದರಿ ಲೆಕ್ಕ

ಉದಾಹರಣೆಗೆ, ಮೀಸಲು ಬೆಲೆ 40 ಲಕ್ಷ ರೂಪಾಯಿಯ ಹಳೆಯ ಮನೆಯೊಂದು ಸವಾಲಿನಲ್ಲಿ 44 ಲಕ್ಷಕ್ಕೆ ನಿಂತಿತೆಂದು ಭಾವಿಸೋಣ. ದುರಸ್ತಿ ಅಂದಾಜು: ಛಾವಣಿ 3.5 ಲಕ್ಷ, ಶೌಚಾಲಯ ಹಾಗೂ ಕೊಳವೆ 2.5 ಲಕ್ಷ, ವಿದ್ಯುತ್ 1.8 ಲಕ್ಷ, ನೆಲ 1.7 ಲಕ್ಷ, ಬಾಗಿಲು-ಕಿಟಕಿ 1 ಲಕ್ಷ, ಗಿಲಾವು-ಬಣ್ಣ 1.5 ಲಕ್ಷ, ಒಟ್ಟು 12 ಲಕ್ಷ. ಇವು ಊರಿನಿಂದ ಊರಿಗೆ ಬದಲಾಗುವ ಅಂಕಿಗಳು. ಲೆಕ್ಕದ ವಿಧಾನ ಮಾತ್ರ ಒಂದೇ.

* ಸವಾಲಿನ ಬೆಲೆ: 44,00,000
* ಮುದ್ರಾಂಕ, ನೋಂದಣಿ (ಶೇ. 7.6): 3,34,400
* ಹಳೆಯ ಬಾಕಿಗಳು: 80,000
* ವಕೀಲರು, ಎಂಜಿನಿಯರ್: 60,000
* ದುರಸ್ತಿ: 12,00,000
* ಅನಿರೀಕ್ಷಿತ ಖರ್ಚು (ದುರಸ್ತಿಯ ಶೇ. 20): 2,40,000
* ಆರು ತಿಂಗಳ ಕಾಯುವಿಕೆ: 2,02,500

ಒಟ್ಟು: 65,16,900 ರೂಪಾಯಿ.

ಕೊನೆಯ ಸಾಲಿನಲ್ಲಿ 25 ಲಕ್ಷ ಸಾಲಕ್ಕೆ ವಾರ್ಷಿಕ ಶೇ. 9ರಂತೆ ತಿಂಗಳ ಬಡ್ಡಿ 18,750 ಮತ್ತು ಈಗಿರುವ ಮನೆಯ ಬಾಡಿಗೆ 15,000 ಸೇರಿವೆ. ಸಾಲ ಕಳೆದು ಕೈಯಿಂದ ಹಾಕಬೇಕಾದ ಹಣ 40 ಲಕ್ಷ ಮೀರುತ್ತದೆ.

ಹಿಂದಿನಿಂದ ಲೆಕ್ಕ ಹಾಕಿ

ಜಾಣರು ಈ ಲೆಕ್ಕವನ್ನು ಹಿಂದುಮುಂದಾಗಿ ಮಾಡುತ್ತಾರೆ. ಅದೇ ಬೀದಿಯಲ್ಲಿ ವಾಸಕ್ಕೆ ಸಿದ್ಧವಿರುವ ಅಂಥದ್ದೇ ಮನೆ, ನೋಂದಣಿಯೂ ಸೇರಿ 60 ಲಕ್ಷಕ್ಕೆ ದೊರೆಯುವುದೆನ್ನೋಣ. ಅದರಲ್ಲಿ ಬಾಕಿ, ಶುಲ್ಕ, ದುರಸ್ತಿ, ಅನಿರೀಕ್ಷಿತ ಖರ್ಚು, ಕಾಯುವಿಕೆ ಸೇರಿದ 17,82,500 ಕಳೆದರೆ 42,17,500 ಉಳಿಯುತ್ತದೆ. ಅದನ್ನು 1.076ರಿಂದ ಭಾಗಿಸಿದರೆ ಸುಮಾರು 39.20 ಲಕ್ಷ. ಅಂದರೆ ಈ ಮನೆಗೆ ನಾವು ಕೂಗಬಹುದಾದ ಗರಿಷ್ಠ ಬೆಲೆ ಮೀಸಲು ಬೆಲೆಗಿಂತಲೂ ಕಡಿಮೆ! ಅಂತಹ ಹರಾಜಿಗೆ ಹೋಗದಿರುವುದೇ ಲಾಭ. ಯಾರೂ ಕೂಗದೆ ಮರುಹರಾಜಿನಲ್ಲಿ ಮೀಸಲು ಬೆಲೆ ಇಳಿದಾಗ ಮತ್ತೆ ಲೆಕ್ಕ ಹಾಕಬಹುದು. ಆದರೆ ಯಾರೂ ಕೂಗದಿರಲು ಕಾರಣವೇನೆಂಬುದನ್ನೂ ಆಗ ವಿಚಾರಿಸಬೇಕು.

ಈ ಗರಿಷ್ಠ ಅಂಕಿಯನ್ನು ಕಾಗದದ ಮೇಲೆ ಬರೆದು, ಮನೆಯವರೆಲ್ಲರೂ ಒಪ್ಪಿದ ಮೇಲೆಯೇ ಸವಾಲಿಗೆ ಕೂರಬೇಕು. ಆನ್‌ಲೈನ್ ಹರಾಜಿನ ಕೊನೆಯ ಐದು ನಿಮಿಷಗಳಲ್ಲಿ ‘ಇನ್ನೊಂದೇ ಇಪ್ಪತ್ತೈದು ಸಾವಿರ’ ಎಂಬ ಹುಮ್ಮಸ್ಸು ಮೂಡುವುದು ಸಹಜ. ಆಗ ಕೈ ಹಿಡಿಯುವುದು ಆ ಒಂದು ಚೀಟಿ ಮಾತ್ರ. ಒಬ್ಬರ ಸಾಲದ ಕಥೆ ಮುಗಿದ ಮನೆಯಲ್ಲಿ ಮತ್ತೊಬ್ಬರ ಸಾಲದ ಕಥೆ ಆರಂಭವಾಗದಿರಲಿ.